ಲಾಂಗ್ ಹಾಕಿದರೂ ಓವರ್‌ಫ್ಲೋ ಎರರ್ ಏಕೆ ಹೋಗುತ್ತಿಲ್ಲ?

ಪ್ರಶ್ನೆ: ನನ್ನ ಎಕ್ಸೆಲ್ ಮ್ಯಾಕ್ರೊ ಸಣ್ಣ ಶೀಟಿನಲ್ಲಿ ಚೆನ್ನಾಗಿ ಓಡುತ್ತದೆ. ದೊಡ್ಡ ಶೀಟ್ ಕೊಟ್ಟರೆ ‘ರನ್‌ಟೈಮ್ ಎರರ್ 6: ಓವರ್‌ಫ್ಲೋ’ ಎಂದು ನಿಲ್ಲುತ್ತದೆ. ಇಂಟೀಜರ್ ಇದ್ದಲ್ಲಿ ಲಾಂಗ್ ಹಾಕಿದೆ. ಆದರೂ ಕೋಡಿನ ಇನ್ನೊಂದು ಸಾಲಿನಲ್ಲಿ ಅದೇ ಎರರ್. ಏಕೆ?

ಉತ್ತರ: ಮೊದಲ ಹೆಜ್ಜೆ ಸರಿಯಾಗಿಯೇ ಇದೆ. ಓವರ್‌ಫ್ಲೋ ಎಂದರೆ ಸಂಖ್ಯೆಯು ಅದಕ್ಕೆ ಕೊಟ್ಟ ಡೇಟಾ ಟೈಪಿನ ಮಿತಿ ದಾಟಿದೆ ಎಂದರ್ಥ. ಮ್ಯಾಕ್ರೊ ಬರೆಯುವ ವಿಬಿಎ ಭಾಷೆಯ ಇಂಟೀಜರ್ 16 ಬಿಟ್‌ಗಳದ್ದು. −32,768ರಿಂದ 32,767ರವರೆಗೆ ಮಾತ್ರ ಹಿಡಿಯುತ್ತದೆ. 2007ರ ಆವೃತ್ತಿಯಿಂದ ಎಕ್ಸೆಲ್ ಶೀಟಿನಲ್ಲಿ 10,48,576 ಸಾಲುಗಳಿವೆ. ಹಾಗಾಗಿ ಸಾಲಿನ ಸಂಖ್ಯೆ ಇಡುವ ವೇರಿಯಬಲ್ ಯಾವಾಗಲೂ ಲಾಂಗ್ ಆಗಿರಲಿ. ಅದರ ಮಿತಿ 214 ಕೋಟಿಗೂ ಹೆಚ್ಚು. ಫಂಕ್ಷನ್ನಿನ ಆರ್ಗ್ಯುಮೆಂಟ್ ಮತ್ತು ರಿಟರ್ನ್ ಟೈಪ್‌ಗಳಲ್ಲೂ ಇಂಟೀಜರ್ ಉಳಿದಿದೆಯೇ ನೋಡಿ. ಹೆಚ್ಚಿನವರು ಮರೆಯುವುದು ಅಲ್ಲೇ.

ಎರಡನೇ ಎರರ್ ಬಹುಶಃ ಗುಣಾಕಾರದ್ದು. ಲಾಂಗ್ ವೇರಿಯಬಲ್‌ಗೆ 24 * 60 * 60 ಎಂದು ಬರೆದರೂ ಓವರ್‌ಫ್ಲೋ ಬರುತ್ತದೆ. ಉತ್ತರ 86,400, ಲಾಂಗ್‌ಗೆ ಅದೇನೂ ದೊಡ್ಡದಲ್ಲ. ಆದರೆ ವಿಬಿಎ ಮೊದಲು ಬಲಭಾಗದ ಲೆಕ್ಕ ಮುಗಿಸುತ್ತದೆ, ಉತ್ತರ ಎಲ್ಲಿಗೆ ಹೋಗುತ್ತದೆ ಎಂದು ಆಗ ನೋಡುವುದೇ ಇಲ್ಲ. 24, 60 ಎರಡೂ ಸಣ್ಣ ಸಂಖ್ಯೆಗಳಾದ್ದರಿಂದ ಅವನ್ನು ಇಂಟೀಜರ್ ಎಂದೇ ಪರಿಗಣಿಸಿ, ಗುಣಲಬ್ಧವನ್ನೂ ಇಂಟೀಜರಿನಲ್ಲೇ ಇಡಲು ಹೋಗುತ್ತದೆ. 40000 * 2 ಎಂದು ಬರೆದರೆ ತೊಂದರೆಯಿಲ್ಲ. 32,767 ದಾಟಿದ ಸಂಖ್ಯೆಯನ್ನು ಅದು ತಾನಾಗಿಯೇ ಲಾಂಗ್ ಮಾಡಿಕೊಳ್ಳುತ್ತದೆ.

ಪರಿಹಾರ: ಮೊದಲ ಸಂಖ್ಯೆಯನ್ನೇ ಲಾಂಗ್ ಮಾಡಿ. 24& * 60 * 60 ಎಂದು ಬರೆಯಿರಿ, ಆ & ಚಿಹ್ನೆಯೇ 24ನ್ನು ಲಾಂಗ್ ಮಾಡುತ್ತದೆ. ಎರಡು ಇಂಟೀಜರ್ ವೇರಿಯಬಲ್‌ಗಳನ್ನು ಗುಣಿಸುವುದಾದರೆ ಮೊದಲನೆಯದನ್ನು ಲಾಂಗ್‌ಗೆ ಪರಿವರ್ತಿಸುವ ಸಿಲಾಂಗ್ (CLng) ಫಂಕ್ಷನ್ನಿನ ಒಳಗೆ ಹಾಕಿ. ಇಡೀ ಲೆಕ್ಕವನ್ನು ಸಿಲಾಂಗ್ ಒಳಗೆ ಹಾಕಿದರೆ ಉಪಯೋಗವಿಲ್ಲ, ಪರಿವರ್ತನೆಗೆ ಮುಂಚೆಯೇ ಒಳಗಿನ ಲೆಕ್ಕ ಮಿತಿ ದಾಟಿರುತ್ತದೆ.

ಯಾವ ಭಾಗ ಕೆಡುತ್ತಿದೆ ಎಂದು ತಿಳಿಯಲು ಎರರ್ ಬಾಕ್ಸಿನಲ್ಲಿ ಡೀಬಗ್ ಒತ್ತಿ. ಹಳದಿಯಾದ ಸಾಲಿನ ಒಂದೊಂದು ತುಂಡನ್ನೂ ಕಂಟ್ರೋಲ್-ಜಿ ಒತ್ತಿದಾಗ ತೆರೆಯುವ ಇಮ್ಮೀಡಿಯೆಟ್ ವಿಂಡೋದಲ್ಲಿ ಟೈಪ್‌ನೇಮ್ (TypeName) ಫಂಕ್ಷನ್ನಿಗೆ ಕೊಟ್ಟು, ಅದರ ಡೇಟಾ ಟೈಪ್ ಯಾವುದೆಂದು ನೋಡಿ.

ಹಣದ ಲೆಕ್ಕಕ್ಕೆ ಕರೆನ್ಸಿ ಟೈಪ್ ಒಳ್ಳೆಯದು. ನಾಲ್ಕು ದಶಾಂಶ ಸ್ಥಾನಗಳು ನಿಖರವಾಗಿ ಉಳಿಯುತ್ತವೆ. ಮೊಬೈಲ್ ನಂಬರ್, ಆಧಾರ್ ಸಂಖ್ಯೆಗಳು ಲಾಂಗ್‌ನಲ್ಲೂ ಹಿಡಿಯುವುದಿಲ್ಲ. ಅವುಗಳನ್ನು ಯಾರೂ ಕೂಡಿಸಿ ಕಳೆಯುವುದಿಲ್ಲವಲ್ಲ, ಸ್ಟ್ರಿಂಗ್ (ಅಂದರೆ ಪಠ್ಯ) ಆಗಿಯೇ ಇಡಿ. ಇಡೀ ಶೀಟಿನ ಸೆಲ್‌ಗಳನ್ನು ಕೌಂಟ್‌ನಿಂದ ಎಣಿಸಿದರೂ ಓವರ್‌ಫ್ಲೋ ಆಗುತ್ತದೆ, ಏಕೆಂದರೆ ಸಂಖ್ಯೆ 1,700 ಕೋಟಿ ದಾಟುತ್ತದೆ. ಅಲ್ಲಿ ಕೌಂಟ್‌ಲಾರ್ಜ್ ಬಳಸಿ.

ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಾಗಲೂ ವಿಬಿಎ ತೋರಿಸುವುದು ಇದೇ ಎರರ್ 6. ಮೊತ್ತದ ಸೆಲ್, ಎಣಿಕೆಯ ಸೆಲ್ ಎರಡೂ ಖಾಲಿಯಿದ್ದು ಸರಾಸರಿ ತೆಗೆಯುವಾಗ ಹೀಗಾಗುತ್ತದೆ. ಅಲ್ಲಿ ಯಾವ ಡೇಟಾ ಟೈಪ್ ಹಾಕಿದರೂ ಸರಿಹೋಗದು. ಭಾಗಿಸುವ ಮುನ್ನ ಛೇದ ಸೊನ್ನೆಯೇ ಎಂದು ಇಫ್ ಹಾಕಿ ಪರೀಕ್ಷಿಸಿ.