ಕೈ ಕಟ್ಟು, ಬಾಯಿ ಮುಚ್ಚು: ಕಿವುಡ ಮಕ್ಕಳ ಕಲಿಕೆಯ ವ್ಯಾಜ್ಯ ನಡೆದು ಬಂದ ದಾರಿ

ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಮಗುವಿಗೆ ಪರೀಕ್ಷೆ ಮಾಡಿಸಿ, ವರದಿಯ ಕಡತವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಬರುವ ತಂದೆತಾಯಿಗೆ ಸಲಹೆಗಳ ಬರವಿರುವುದಿಲ್ಲ. ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಯಾರೋ ಒಬ್ಬರು ‘ಆಪರೇಷನ್ ಮಾಡಿಸಿಬಿಡಿ, ಮಾತು ತಾನಾಗಿ ಬರುತ್ತದೆ’ ಎಂದಿರುತ್ತಾರೆ. ‘ಮೆಷಿನ್ ಹಾಕಿ ಬಾಯಲ್ಲೇ ಮಾತಾಡಿಸಿ, ಕೈಸನ್ನೆ ಅಭ್ಯಾಸವಾದರೆ ಮಾತು ಬರುವುದೇ ಇಲ್ಲ’ ಎಂದು ಮತ್ತೊಬ್ಬರು. ‘ಸನ್ನೆ ಭಾಷೆ ಕಲಿಸಿ, ಮಗುವನ್ನು ಯಾಕೆ ಗೋಳು ಹೊಯ್ದುಕೊಳ್ಳುತ್ತೀರಿ’ ಎನ್ನುವವರು ಈಚೆಗೆ ಹೆಚ್ಚಾಗಿದ್ದಾರೆ. ಮಂಡ್ಯದ ಕಡೆಯ ಊರಿಗೆ ಮರಳಿದರೆ ಅಜ್ಜಿಯ ಮಾತೇ ಬೇರೆ: ಬಜೆ ತೇಯ್ದು ನಾಲಿಗೆಗೆ ಹಚ್ಚಿ, ಇವರಪ್ಪನೂ ತಡವಾಗಿಯೇ ಮಾತು ಕಲಿತದ್ದು.

ನಾಲ್ಕು ಸಲಹೆಗಳೂ ನಾಲ್ಕು ಬೇರೆ ಬೇರೆ ಕಾಲದಿಂದ ಬಂದಂಥವು. ಎಲ್ಲವೂ ಒಂದೇ ಮನೆಯ ಜಗಲಿಯಲ್ಲಿ ಒಟ್ಟಿಗೆ ಕುಳಿತಿರುವುದರಿಂದ ಗೋಜಲಾಗಿದೆ.

ಕಿವುಡ ಮಗುವಿಗೆ ಕೈಯಿಂದ ಕಲಿಸಬೇಕೇ, ಬಾಯಿಂದ ಕಲಿಸಬೇಕೇ ಎಂಬ ವ್ಯಾಜ್ಯ ಹಡಗು ಹತ್ತಿ ಬಂದದ್ದು. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನವು ಬಾಯಿಮಾತೇ ಮೇಲು, ಸನ್ನೆಯನ್ನು ಶಾಲೆಯಿಂದ ಹೊರಗಿಡಬೇಕು ಎಂದು ನಿರ್ಣಯಿಸಿತು. ಆ ಸಭೆಯಲ್ಲಿ ಕಿವುಡರು ಇಲ್ಲವೆನ್ನುವಷ್ಟು ಕಡಿಮೆ. ಐದು ವರ್ಷಗಳ ನಂತರ ಮುಂಬೈಯಲ್ಲಿ, 1893ರಲ್ಲಿ ಕಲ್ಕತ್ತೆಯಲ್ಲಿ, 1901ರಲ್ಲಿ ಮೈಸೂರಿನಲ್ಲಿ ಶಾಲೆಗಳು ತೆರೆದವು. ಮೈಸೂರಿನದು ಕಿವುಡರಿಗೂ ಅಂಧರಿಗೂ ಸೇರಿ ಕಟ್ಟಿದ ಶಾಲೆ. ಒಬ್ಬ ಹುಡುಗನಿಗೆ ಸನ್ನೆ ಕಾಣುವುದಿಲ್ಲ, ಪಕ್ಕದವನಿಗೆ ಮಾತು ಕೇಳುವುದಿಲ್ಲ. ಇಬ್ಬರಿಗೂ ಒಂದೇ ಸೂರು. ಇಂದಿಗೆ ಇದು ವಿಚಿತ್ರವೆನಿಸಬಹುದು, ಆದರೆ ಸಂಸ್ಥಾನದ ಉಳಿದ ಕಿವುಡ ಮಕ್ಕಳಿಗೆ ಆ ಸೂರೂ ಇರಲಿಲ್ಲ. ಅವರು ದನ ಕಾಯುತ್ತ, ‘ಮೂಗ’ ಎಂಬ ಒಂದೇ ಹೆಸರಿನಲ್ಲಿ ಬಾಳು ಕಳೆದರು. ಮುಂದಿನ ಅರವತ್ತು ವರ್ಷಗಳ ಕಥೆ ಹೆಚ್ಚುಕಡಿಮೆ ಇಷ್ಟೇ.

1965ರಲ್ಲಿ ಮೈಸೂರಿಗೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಬಂದಿತು. ಕೇಂದ್ರ ಆರೋಗ್ಯ ಸಚಿವಾಲಯದ ಈ ಸಂಸ್ಥೆ ಬಂದ ಮೇಲೆ ಪ್ರಶ್ನೆಯ ಚಹರೆಯೇ ಬದಲಾಯಿತು. ಅದುವರೆಗೆ ಕಿವುಡುತನ ಧರ್ಮದ, ದಾನದ ವಿಷಯವಾಗಿತ್ತು. ಈಗ ಅಳೆಯುವ ವಿಷಯವಾಯಿತು. ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬಲ್‌ನಷ್ಟು ಸದ್ದು ಮಾಡುತ್ತದೆ. ಎರಡೂ ಕಿವಿಗಳಲ್ಲಿ ನಷ್ಟ 70 ಡೆಸಿಬಲ್ ಮುಟ್ಟಿದರೆ ಇಂದಿನ ಕಾನೂನಿನ ಪ್ರಕಾರ ಕಿವುಡು, 60ರಿಂದ 70ರ ನಡುವೆ ಇದ್ದರೆ ಮಂದ ಶ್ರವಣ. ಹೀಗೆ ಅಳೆದದ್ದರಿಂದ ಒಂದು ದೊಡ್ಡ ಸತ್ಯ ಹೊರಬಿತ್ತು: ‘ಮೂಗ’ ಎನಿಸಿಕೊಂಡ ಮಕ್ಕಳ ಗಂಟಲಿಗೆ ಏನೂ ಆಗಿರಲಿಲ್ಲ. ಕೇಳದ್ದರಿಂದ ಮಾತು ಬಂದಿರಲಿಲ್ಲ, ಅಷ್ಟೆ. ಬಹುಪಾಲು ಮಕ್ಕಳಲ್ಲಿ ಅಷ್ಟಿಷ್ಟು ಶ್ರವಣ ಉಳಿದಿರುತ್ತದೆ ಎಂಬುದೂ ತಿಳಿಯಿತು. ಹಾಗಾದರೆ ಅದನ್ನು ಹಿಗ್ಗಿಸಿ ಮಾತು ಕಲಿಸಬಹುದಲ್ಲ?

ಇಲ್ಲಿಂದ ಮುಂದಿನ ಎರಡು ಮೂರು ದಶಕಗಳನ್ನು ಮೈಸೂರಿನವರು ಹತ್ತಿರದಿಂದ ನೋಡಿದ್ದೇವೆ. ಅಂಗಿಯ ಮೇಲೆ ಚೀಲ ಕಟ್ಟಿ, ಬೆಂಕಿಪೊಟ್ಟಣದಂಥ ಶ್ರವಣ ಸಾಧನವನ್ನು ಎದೆಯ ಮೇಲೆ ಇಳಿಬಿಟ್ಟುಕೊಂಡು, ತಂತಿಯನ್ನು ಕಿವಿಗೆ ಸಿಕ್ಕಿಸಿಕೊಂಡ ಮಕ್ಕಳು. ಜೊತೆಗೆ ಊಟದ ಡಬ್ಬಿ ಹಿಡಿದ ತಾಯಂದಿರು. ಪೋಷಕರೇ ಸಂಘ ಕಟ್ಟಿಕೊಂಡು, ತಾಯಿ ಮತ್ತು ಮಗು ಇಬ್ಬರೂ ದಿನಾ ಒಟ್ಟಿಗೆ ಬಂದು ಕಲಿಯಬೇಕಾದ ಶಾಲೆಯನ್ನು ನಡೆಸಿದ್ದು ಈ ಊರಿನ ದೊಡ್ಡ ಪ್ರಯೋಗ. ವಾಕ್ ಶ್ರವಣ ಸಂಸ್ಥೆಯ ಶಾಲಾಪೂರ್ವ ತರಗತಿಗಳಲ್ಲೂ ತಾಯಿ ಮಗುವಿನ ಪಕ್ಕದಲ್ಲೇ ಕೂರುತ್ತಿದ್ದರು. ಕಿವುಡ ಮಗು ವಾರಕ್ಕೆರಡು ಗಂಟೆಯ ಪಾಠದಲ್ಲಿ ಮಾತು ಕಲಿಯಲಾರದು, ಎಚ್ಚರವಿರುವಷ್ಟು ಹೊತ್ತೂ ಮಾತು ಬೀಳುತ್ತಿರಬೇಕು, ಅದಕ್ಕೆ ತಾಯಿಯೇ ಟೀಚರ್ ಆಗಬೇಕು ಎಂಬುದು ಇದರ ಹಿಂದಿನ ತರ್ಕ. ತರ್ಕ ಸರಿಯಾಗಿಯೇ ಇತ್ತು. ಪರಿಣಾಮವೆಂದರೆ, ಮೈಸೂರಿನಲ್ಲಿ ಬಾಡಿಗೆ ಕೋಣೆ ಹಿಡಿದು, ಗಂಡನನ್ನೂ ಹಿರಿಯ ಮಗುವನ್ನೂ ಊರಲ್ಲಿ ಬಿಟ್ಟು, ಮೂರು ನಾಲ್ಕು ವರ್ಷ ಇಲ್ಲಿ ಕಳೆದ ಹೆಂಗಸರ ಒಂದು ತಲೆಮಾರೇ ತಯಾರಾಯಿತು. ತಂದೆ ಯಾಕೆ ಬರಬಾರದು ಎಂದು ಆ ಕಾಲದಲ್ಲಿ ಕೇಳಿದವರು ಕಡಿಮೆ. ಇಂದು ಕೇಳುವವರೂ ಬಹಳವೇನಿಲ್ಲ.

ತರಗತಿಯೊಳಗೆ ನಡೆಯುತ್ತಿದ್ದುದು ತಾಳ್ಮೆಯ ಕೆಲಸ. ಬೆಳಿಗ್ಗೆ ಸಾಧನ ಸರಿಯಿದೆಯೇ ಎಂದು ನೋಡಲು ಆರು ಸದ್ದುಗಳು: ಆ, ಈ, ಊ, ಮ್, ಸ್, ಶ್. ತಾಯಿ ಬಾಯಿಗೆ ರಟ್ಟು ಅಡ್ಡ ಹಿಡಿದು ಒಂದೊಂದೇ ಸದ್ದು ಮಾಡುತ್ತಾಳೆ. ಕೇಳಿದಾಗಲೆಲ್ಲ ಮಗು ಮಣಿಯೊಂದನ್ನು ಬಟ್ಟಲಿಗೆ ಹಾಕಬೇಕು. ಮಾತಿನ ಎತ್ತರ ತಗ್ಗಿನ ವ್ಯಾಪ್ತಿಯನ್ನೆಲ್ಲ ಈ ಆರೇ ಸದ್ದುಗಳು ಮುಟ್ಟಿ ನೋಡುತ್ತವೆ. ‘ಸ್’ ಎಂದಾಗ ಮಣಿ ಬೀಳದೆ ಕೈಯಲ್ಲೇ ಉಳಿದರೆ ಎತ್ತರದ ಸದ್ದುಗಳು ಕಿವಿ ಮುಟ್ಟುತ್ತಿಲ್ಲ ಎಂದು ಅರ್ಥ. ಆಮೇಲೆ ದಿನವಿಡೀ ಮಾತು. ಅಕ್ಕಿ ಆರಿಸುತ್ತಿದ್ದೇನೆ, ಕಲ್ಲು ಸಿಕ್ಕಿತು, ಕಲ್ಲು ಬಿಸಾಡೋಣ. ಸಂಜೆ ಅದನ್ನೇ ಚಿತ್ರ ಬರೆದು, ಕೆಳಗೆ ಒಂದು ಸಾಲು ಬರೆದು, ಮರುದಿನ ತರಗತಿಯಲ್ಲಿ ಓದಬೇಕು.

ತುಟಿ ನೋಡಿ ಮಾತು ಹಿಡಿಯುವುದನ್ನು ಸುಲಭವೆಂದುಕೊಂಡವರು ಕನ್ನಡಿಯ ಮುಂದೆ ನಿಂತು ಸದ್ದು ಮಾಡದೆ ‘ಪರ, ಬರ, ಮರ’ ಎಂದು ನೋಡಿಕೊಳ್ಳಬೇಕು. ಮೂರಕ್ಕೂ ತುಟಿಯ ಚಲನೆ ಒಂದೇ. ಕ, ಗ ಹುಟ್ಟುವುದು ಗಂಟಲ ಬಳಿ. ಹೊರಗೆ ಏನೂ ಕಾಣುವುದಿಲ್ಲ. ಇನ್ನು ಕನ್ನಡದ ವಿಭಕ್ತಿಗಳು. ‘ಅಪ್ಪನನ್ನು’, ‘ಅಪ್ಪನಿಗೆ’, ‘ಅಪ್ಪನಿಂದ’ ಎನ್ನುವಾಗ ನಾವು ಒತ್ತು ಕೊಡುವುದು ಅಪ್ಪನ ಮೇಲೆ, ಕೊನೆಯ ತುಣುಕನ್ನು ನುಂಗಿಬಿಡುತ್ತೇವೆ. ಅರ್ಥವೆಲ್ಲ ಇರುವುದು ಆ ನುಂಗಿದ ತುಣುಕಿನಲ್ಲಿ. ಕಿವುಡ ಮಕ್ಕಳ ಬರಹದಲ್ಲಿ ‘ಅಪ್ಪ ನಾನು ಪುಸ್ತಕ ಕೊಟ್ಟ’ ಎಂಬಂಥ ವಾಕ್ಯ ಕಂಡರೆ ದಡ್ಡತನವೆಂದು ಅಂಕ ಕಳೆಯುವ ಮುನ್ನ ಇದನ್ನು ನೆನೆಯಬೇಕು. ಕೊಟ್ಟವರು ಯಾರು, ಪಡೆದವರು ಯಾರು ಎಂಬುದು ಆ ಹುಡುಗನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಇನ್ನೊಂದು ತೊಡಕನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮಗುವಿಗೆ ಒಂದೇ ಭಾಷೆ ಇರಲಿ ಎಂಬುದು ಆ ಕಾಲದ ಶಿಸ್ತು. ಮೈಸೂರು, ಮಂಡ್ಯದಲ್ಲಿ ಉರ್ದು, ತಮಿಳು, ತೆಲುಗು ಆಡುವ ಮನೆಗಳಿಗೇನು ಕೊರತೆಯೇ? ಅಲ್ಲಿ ತಾಯಿ ಶಾಲೆಯ ಕನ್ನಡಕ್ಕೆ ಹೊರಳಿದಳು, ಅಜ್ಜಿ ಹೊರಳಲಿಲ್ಲ. ಅಚ್ಚ ಕನ್ನಡದ ಮನೆಗಳಲ್ಲೂ ಒಕ್ಕಲು ಮನೆಯ ಮಾತು ಒಂದು, ಪುಸ್ತಕದ ಕನ್ನಡ ಇನ್ನೊಂದು. ಕೇಳುವ ಮಗು ಎರಡನ್ನೂ ಆಟದ ನಡುವೆ ಹೆಕ್ಕಿಕೊಳ್ಳುತ್ತದೆ. ಕೇಳದ ಮಗುವಿಗೆ ಪ್ರತಿ ರೂಪವನ್ನೂ ಕೈಗಿಡಬೇಕು.

ಈ ದುಡಿಮೆಯಿಂದ ಮಾತು ಬಂದ ಮಕ್ಕಳು ನಿಜವಾಗಿಯೂ ಇದ್ದಾರೆ. ಸಾಮಾನ್ಯ ಶಾಲೆ ಸೇರಿದರು, ಕೆಲಸ ಹಿಡಿದರು. ಅವರ ಕಥೆಗಳನ್ನು ನಾವು ಮತ್ತೆ ಮತ್ತೆ ಹೇಳಿದೆವು. ಅಷ್ಟೇ ದುಡಿದೂ ಮಾತು ಬಾರದ ಮಕ್ಕಳ ಕಥೆ ವಾರ್ಷಿಕೋತ್ಸವದ ವೇದಿಕೆ ಹತ್ತಲಿಲ್ಲ. ಆರೇಳು ವರ್ಷ ಕಾದು, ಮಾತು ಬರಲಿಲ್ಲವೆಂದು ಖಚಿತವಾದ ಮೇಲೆ ಅವರನ್ನು ಸನ್ನೆಯ ಶಾಲೆಗೆ ಕಳುಹಿಸಲಾಗುತ್ತಿತ್ತು. ಅಷ್ಟರಲ್ಲಿ ಮಿದುಳು ಭಾಷೆಗೆ ಹಸಿದು ಕುಳಿತಿದ್ದ ವರ್ಷಗಳು ಕಳೆದುಹೋಗಿರುತ್ತಿದ್ದವು. ಸೋತವರಿಗೆ ಸನ್ನೆ ಎಂಬ ಈ ಏಣಿಯ ಕ್ರಮವನ್ನು ಯಾರೂ ಬರೆದು ಗೋಡೆಗೆ ತೂಗುಹಾಕಿರಲಿಲ್ಲ. ಆದರೆ ಎಲ್ಲರಿಗೂ ಗೊತ್ತಿತ್ತು.

ಸನ್ನೆ ಭಾಷೆ ಅಷ್ಟು ಹೊತ್ತೂ ಎಲ್ಲಿತ್ತು? ಹಾಸ್ಟೆಲುಗಳಲ್ಲಿತ್ತು. ‘ಕೈ ಕಟ್ಟು, ಬಾಯಿ ಮುಚ್ಚು’ ಎಂಬುದು ನಮ್ಮ ಎಲ್ಲ ತರಗತಿಗಳ ಹಳೆಯ ಆಜ್ಞೆ. ಕಿವುಡ ಮಗುವಿಗೆ ಅದರ ಮೊದಲ ಅರ್ಧವೇ ಸಾಕಾಗುತ್ತಿತ್ತು. ತರಗತಿಯಲ್ಲಿ ಕಟ್ಟಿದ ಕೈ ರಾತ್ರಿ ದೀಪದ ಕೆಳಗೆ ಬಿಚ್ಚಿಕೊಳ್ಳುತ್ತಿತ್ತು. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸಿದರು, ಪಠ್ಯವಿಲ್ಲದೆ, ಪರೀಕ್ಷೆಯಿಲ್ಲದೆ. ಅದು ಬರೀ ಅಭಿನಯವೆಂದು ಪಂಡಿತರು ನಂಬಿದ್ದರು. 1960ರಲ್ಲಿ ಭಾಷಾವಿಜ್ಞಾನಿ ವಿಲಿಯಂ ಸ್ಟೋಕಿ ಅಮೆರಿಕದ ಸನ್ನೆ ಭಾಷೆಗೆ ತನ್ನದೇ ರಚನೆಯಿದೆ ಎಂದು ತೋರಿಸಿದರು. 1970ರ ದಶಕದ ಕೊನೆಯಲ್ಲಿ, ಸ್ವತಃ ಕಿವುಡರಾದ ಮದನ್ ವಸಿಷ್ಠ ಮತ್ತು ಸಂಗಡಿಗರು ದೆಹಲಿ, ಕಲ್ಕತ್ತಾ, ಮುಂಬೈ, ಬೆಂಗಳೂರುಗಳ ಸನ್ನೆಗಳನ್ನು ಸಂಗ್ರಹಿಸಿ, ಪದಗಳು ಅಲ್ಲಲ್ಲಿ ಬೇರೆಯಾದರೂ ವ್ಯಾಕರಣ ಒಂದೇ ಎಂದು ಕಂಡುಕೊಂಡರು. ಈ ಭಾರತೀಯ ಸನ್ನೆ ಭಾಷೆಯಲ್ಲಿ ಪ್ರಶ್ನೆಯ ಪದ ವಾಕ್ಯದ ಕೊನೆಗೆ ಬರುತ್ತದೆ: ಹೆಸರು, ನಿನ್ನ, ಏನು. ಕನ್ನಡಿಗರಿಗೆ ಇದು ಇಂಗ್ಲಿಷಿಗಿಂತ ಹತ್ತಿರದ ನೆಂಟ.

ಸರ್ಕಾರಕ್ಕೆ ಈ ಸುದ್ದಿ ತಲುಪಲು ಮತ್ತೆ ದಶಕಗಳು ಬೇಕಾದವು. ಮಿಲಾನಿನ ನಿರ್ಣಯವನ್ನು 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿದ ಕಿವುಡರ ಶಿಕ್ಷಣದ ಅಂತರರಾಷ್ಟ್ರೀಯ ಸಮ್ಮೇಳನ ತಳ್ಳಿಹಾಕಿ ವಿಷಾದ ಸೂಚಿಸಿತು, ಅದಕ್ಕೆ ಹಿಡಿದದ್ದು ನೂರಮೂವತ್ತು ವರ್ಷ. ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭವಾದದ್ದು 2015ರಲ್ಲಿ. ಅದರ ನಿಘಂಟು 2018ರಲ್ಲಿ 3,000 ಪದಗಳಿಂದ ಶುರುವಾಗಿ 2021ಕ್ಕೆ 10,000ಕ್ಕೆ ಬೆಳೆಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸನ್ನೆ ಬಲ್ಲ ಶಿಕ್ಷಕರನ್ನು ತಯಾರಿಸಲು ಹೇಳಿತು, 2020ರ ಶಿಕ್ಷಣ ನೀತಿ ಸನ್ನೆ ಭಾಷೆಯಲ್ಲಿ ಪಠ್ಯಸಾಮಗ್ರಿ ಬೇಕೆಂದಿತು.

ಇದೇ ಹೊತ್ತಿಗೆ ಎದುರು ದಿಕ್ಕಿನಿಂದ ಕಾಕ್ಲಿಯರ್ ಇಂಪ್ಲಾಂಟ್ ಬಂದಿತು. ಸದ್ದನ್ನು ವಿದ್ಯುತ್ತಾಗಿಸಿ ನೇರವಾಗಿ ಶ್ರವಣ ನರಕ್ಕೆ ಮುಟ್ಟಿಸುವ ಸಾಧನ. 2014ರಲ್ಲಿ ಪರಿಷ್ಕರಿಸಿದ ಅಂಗವಿಕಲರಿಗೆ ಸಾಧನ ಸಲಕರಣೆ ಕೊಳ್ಳಲು ನೆರವಾಗುವ ಕೇಂದ್ರದ ಎಡಿಐಪಿ ಯೋಜನೆ ವರ್ಷಕ್ಕೆ 500 ಮಕ್ಕಳಿಗೆ, ತಲಾ 6 ಲಕ್ಷ ರೂಪಾಯಿವರೆಗೆ ಇದಕ್ಕಾಗಿ ನೆರವು ಗೊತ್ತುಮಾಡಿತು. ಚಿಕ್ಕ ವಯಸ್ಸಿನಲ್ಲಿ ಹಾಕಿದರೆ ಫಲ ದೊಡ್ಡದು, ಇದರಲ್ಲಿ ಅನುಮಾನವಿಲ್ಲ. ‘ಮಾತು ತಾನಾಗಿ ಬರುತ್ತದೆ’ ಎಂಬ ಭಾಗ ಮಾತ್ರ ಸುಳ್ಳು. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಸಾಧನವನ್ನು ಮತ್ತೆ ಮತ್ತೆ ಹೊಂದಿಸಬೇಕು, ವರ್ಷಗಟ್ಟಲೆ ತರಬೇತಿ ಬೇಕು, ತಂತಿ ತುಂಡಾದರೆ ದುಡ್ಡು ಬೇಕು. ಕೆರೆಯಲ್ಲಿ ಈಜುವಾಗ, ರಾತ್ರಿ ಮಲಗುವಾಗ ಹೊರಗಿನ ಯಂತ್ರ ತೆಗೆದಿಟ್ಟರೆ ಮಗು ಮೊದಲಿನಂತೆಯೇ ಕಿವುಡು. ಆ ಹೊತ್ತಿಗೆಂದಾದರೂ ಸನ್ನೆ ಇರಲಿ ಎನ್ನುವುದು ನನಗೆ ಸಹಜವಾಗಿ ಕಾಣುತ್ತದೆ. ಇಂಪ್ಲಾಂಟ್ ಇದ್ದ ಮಗುವಿಗೆ ಸನ್ನೆ ತೋರಿಸಬಾರದು ಎಂಬ ಹಳೆಯ ಭಯ ಇನ್ನೂ ಹೋಗಿಲ್ಲ.

ಎಲ್ಲ ದಾರಿಗಳಿಗೂ ಮುಂಚೆ ಬರುವುದು ಪತ್ತೆ. ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ಖಚಿತ ಪರೀಕ್ಷೆ, ಆರರೊಳಗೆ ನೆರವು ಎಂಬುದು ಲೋಕ ಒಪ್ಪಿದ ಲೆಕ್ಕ. ನಿದ್ರಿಸುವ ಕೂಸಿನ ಕಿವಿಗೆ ಪುಟ್ಟ ತುದಿಯೊಂದನ್ನು ಇಟ್ಟು ಮಾಡುವ ಮೊದಲ ತಪಾಸಣೆಗೆ ಕೆಲವೇ ನಿಮಿಷ ಸಾಕು. ವಾಕ್ ಶ್ರವಣ ಸಂಸ್ಥೆ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ನಂಜನಗೂಡಿನ ಹುಲ್ಲಹಳ್ಳಿ, ಯಳಂದೂರಿನ ಗುಂಬಳ್ಳಿಗಳಿಗೆ ತನ್ನ ಸೇವಾ ಕೇಂದ್ರಗಳನ್ನು ಒಯ್ದದ್ದು ಇದೇ ಕಾರಣಕ್ಕೆ. ಆದರೂ ಎರಡು, ಮೂರು ವರ್ಷದ ಮಕ್ಕಳು ಮೊದಲ ಸಲ ಬರುವುದು ನಿಂತಿಲ್ಲ. ಹಳೇ ಮೈಸೂರು ಸೀಮೆಯಲ್ಲಿ ಸೋದರಮಾವನಿಗೆ ಕೊಟ್ಟ ಮದುವೆಗಳಿಂದ ಅನುವಂಶೀಯ ಕಿವುಡು ಹೆಚ್ಚಬಲ್ಲದು ಎಂಬುದು ನಿಜ. ಗರ್ಭಿಣಿಗೆ ತಗುಲಿದ ರುಬೆಲ್ಲಾ, ಕೂಸಿನ ತೀವ್ರ ಕಾಮಾಲೆ, ಮಿದುಳುಪೊರೆಯ ಉರಿಯೂತವೂ ಕಾರಣಗಳೇ. ಮನೆಯಲ್ಲಿ ಮಾತ್ರ ಬೆರಳು ತಿರುಗುವುದು ಹೆತ್ತವಳ ಕಡೆಗೆ. ಗುಟ್ಟಾಗಿಡಲು ಹೋಗಿ ಪತ್ತೆ ಇನ್ನಷ್ಟು ತಡವಾಗುತ್ತದೆ.

ಶಾಲೆಯ ಮಟ್ಟದಲ್ಲಿ ಗೋಜಲು ಬೇರೆ ಬಗೆಯದು. ಎಲ್ಲ ಮಕ್ಕಳೂ ಊರಿನ ಶಾಲೆಯಲ್ಲೇ ಕಲಿಯಲಿ ಎಂಬ ಸಮನ್ವಯ ಶಿಕ್ಷಣದ ಆಶಯ ದೊಡ್ಡದು. ಅದಕ್ಕಾಗಿ ತಾಲ್ಲೂಕಿಗೆ ಬೆರಳೆಣಿಕೆಯ ಸಂಪನ್ಮೂಲ ಶಿಕ್ಷಕರಿದ್ದಾರೆ, ಅವರು ಶಾಲೆಯಿಂದ ಶಾಲೆಗೆ ಬೈಕಿನಲ್ಲಿ ಸುತ್ತುತ್ತಾರೆ. ಉಳಿದ ದಿನಗಳಲ್ಲಿ ಕಿವುಡ ಹುಡುಗಿ ಮೊದಲ ಬೆಂಚಿನಲ್ಲಿ ಕುಳಿತು, ಕಪ್ಪು ಹಲಗೆಗೆ ಮುಖ ಮಾಡಿ ಬರೆಯುತ್ತಲೇ ವಿವರಿಸುವ ಮೇಷ್ಟರ ಬೆನ್ನು ನೋಡುತ್ತಾಳೆ. ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿಗೆ ಕಾಯ್ದೆಯಲ್ಲಿ ಅವಕಾಶವಿದೆ, ಪರೀಕ್ಷೆಗೆ ಹೆಚ್ಚಿನ ಸಮಯವಿದೆ. ಇವೆಲ್ಲ ಬೇಕಾದವೇ. ಆದರೆ ಆಕೆಗೆ ಪಾಠವನ್ನು ಯಾವ ಭಾಷೆಯಲ್ಲಿ ಹೇಳಬೇಕು ಎಂಬ ಪ್ರಶ್ನೆಗೆ ಭಾಷೆಯನ್ನು ಬಿಟ್ಟುಕೊಡುವುದು ಉತ್ತರವಾಗದು.

ಮದ್ದೂರು ಕಡೆಯ ತಾಯಿಯೊಬ್ಬರನ್ನು ಬಲ್ಲೆ. ಮಗನಿಗಾಗಿ ಮೈಸೂರಿನಲ್ಲಿ ನಾಲ್ಕು ವರ್ಷ ಕೋಣೆ ಮಾಡಿಕೊಂಡಿದ್ದವರು. ಹುಡುಗನಿಗೆ ಮನೆಯವರಿಗಷ್ಟೇ ತಿಳಿಯುವಂಥ ಮಾತು ಬಂದಿದೆ. ಸ್ನೇಹಿತರೊಡನೆ ಮೊಬೈಲಿನ ವಿಡಿಯೊ ಕರೆಯಲ್ಲಿ ಅವನ ಕೈಗಳು ಓಡುವ ವೇಗವನ್ನು ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರಂತೆ. ಒಂದು ವರ್ಷದಿಂದ ಅವನಲ್ಲೇ ಸನ್ನೆ ಕಲಿಯುತ್ತಿದ್ದಾರೆ. ಹಳೆಯ ರೂಢಿ ಬಿಡದೆ ಪ್ರತಿ ಸನ್ನೆಯ ಜೊತೆಗೂ ಪದವನ್ನು ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳುತ್ತಾರೆ. ಬಾಯಿಯ ಕಡೆ ಗಮನ ಹೋಗಿ ಕೈ ತಪ್ಪುತ್ತದೆ. ಮಗ ತುಟಿಯ ಮೇಲೆ ಬೆರಳಿಟ್ಟು ತೋರಿಸಿ, ಸನ್ನೆಯನ್ನು ಮತ್ತೆ ಮೊದಲಿನಿಂದ ನಿಧಾನವಾಗಿ ಮಾಡುತ್ತಾನೆ.