ಬರ್ಫದ ನೀರಲ್ಲಿ ನಿಂತರೆ ಲ್ಯಾಕ್ಟಿಕ್ ಆಸಿಡ್ ಇಳಿಯುತ್ತದೆಯೇ?

ಪ್ರಶ್ನೆ: ರೇಸ್ ಮುಗಿದ ಕೂಡಲೇ ಬರ್ಫ ಹಾಕಿದ ಡ್ರಮ್ಮಿನಲ್ಲಿ ನಿಂತರೆ ಲ್ಯಾಕ್ಟಿಕ್ ಆಸಿಡ್ ಹೋಗಿ ಮರುದಿನ ಕಾಲು ಹಗುರ ಆಗ್ತಾವ ಅಂತಾರ. ಖರೇ ಏನ್ರಿ?

ಉತ್ತರ: ವಿಜಯಪುರ, ಜಮಖಂಡಿ ಕಡೆಯ ಸೈಕಲ್ ಹುಡುಗರು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಇದು. ಕಾಲು ಹಗುರಾಗುವುದು ಬಹುಮಟ್ಟಿಗೆ ಖರೆ. ಲ್ಯಾಕ್ಟಿಕ್ ಆಸಿಡ್ಡಿನ ಮಾತು ಸುಳ್ಳು. ಎಷ್ಟು ಸಲ ಹೇಳಿದರೂ ಅದು ಹೋಗುತ್ತಿಲ್ಲ, ಹಾಗಾಗಿ ಮೊದಲು ಅದನ್ನೇ ಮುಗಿಸೋಣ.

ಜೋರಾಗಿ ತುಳಿದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ (ಜನ ಲ್ಯಾಕ್ಟಿಕ್ ಆಸಿಡ್ ಅನ್ನುವುದು ಇದನ್ನೇ), ತುಳಿಯುವುದು ನಿಲ್ಲಿಸಿದ ಸುಮಾರು ಒಂದು ತಾಸಿನೊಳಗೆ ತಾನಾಗಿಯೇ ಇಳಿಯುತ್ತದೆ. ಅದು ಹೊಲಸಲ್ಲ. ಹೃದಯ ಅದನ್ನು ಇಂಧನವಾಗಿ ಉರಿಸುತ್ತದೆ, ಯಕೃತ್ತು ಮತ್ತೆ ಗ್ಲೂಕೋಸ್ ಮಾಡುತ್ತದೆ. ತೊಡೆ ಹಿಡಿದುಕೊಳ್ಳುವುದಾದರೂ ಯಾವಾಗ? ಮರುದಿನ, ಎಷ್ಟೋ ಸಲ ಮೂರನೇ ದಿನ. ತಾಸಿನಲ್ಲಿ ಹೋದದ್ದು ನಾಡಿದ್ದು ಹೇಗೆ ನೋಯಿಸೀತು?

ನಂಬಿಕೆ ಬರದಿದ್ದರೆ ಗೋಳಗುಮ್ಮಟದ ಮೆಟ್ಟಿಲು ನಾಲ್ಕೈದು ಸಲ ಹತ್ತಿ ಇಳಿಯಿರಿ. ಏದುಸಿರು ಬರುವುದು, ಲ್ಯಾಕ್ಟೇಟ್ ಏರುವುದು ಹತ್ತುವಾಗ. ಮರುದಿನ ಕೂತು ಏಳಲಾಗದಂತೆ ತೊಡೆ ಹಿಡಿಸುವುದು ಮಾತ್ರ, ಸುಲಭವೆನಿಸಿದ ಆ ಇಳಿಯುವಿಕೆ. ಇಳಿಯುವಾಗ ಸ್ನಾಯು ಭಾರ ಹೊತ್ತುಕೊಂಡೇ ಹಿಗ್ಗುತ್ತದೆ, ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರುಕುಗಳಾಗುತ್ತವೆ, ಆಮೇಲೆ ಉರಿಯೂತ. ಗರಡಿಯಲ್ಲಿ ಹೊಸಬರು ಬಸ್ಕಿ ಹೊಡೆದಾಗ ಆಗುವುದೂ ಇದೇ.

ಇನ್ನೊಂದು ಮಾತು. ಲ್ಯಾಕ್ಟೇಟನ್ನು ಸ್ನಾಯುವಿನಿಂದ ಒಯ್ಯುವುದು ರಕ್ತ, ತಣ್ಣೀರು ರಕ್ತನಾಳಗಳನ್ನು ಸಂಕುಚಿಸುತ್ತದೆ. ಅಂದಮೇಲೆ ಬರ್ಫ ಅದನ್ನು ಹೊರಗೆ ಹಾಕುವುದೆಲ್ಲಿಂದ ಬಂತು? ಬೇಗ ಇಳಿಯಬೇಕೆಂದರೆ ಹಗುರ ಗೇರಿನಲ್ಲಿ 10–15 ನಿಮಿಷ ತುಳಿಯಿರಿ, ಸಾಕು.

ತಣ್ಣೀರು ಮಾಡುವ ಕೆಲಸ ಬೇರೆ: ನೋವನ್ನು ಮಂದ ಮಾಡುತ್ತದೆ, ನೀರಿನ ಒತ್ತಡ ಬಾವನ್ನು ತಡೆಯುತ್ತದೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 17 ಸಣ್ಣ ಪ್ರಯೋಗಗಳನ್ನು ಒಟ್ಟಿಗೆ ನೋಡಿ ಮಾಡಿದ 2012ರ ವಿಮರ್ಶೆಯೂ, ಸುಮ್ಮನೆ ಕೂರುವುದಕ್ಕಿಂತ ಇದರಿಂದ ಸ್ನಾಯುನೋವು ಕಡಿಮೆಯಾಗುತ್ತದೆ ಎಂದಿತು.

ನೀರು 10ರಿಂದ 15 ಡಿಗ್ರಿ ಸೆಲ್ಸಿಯಸ್, ಸಮಯ 10ರಿಂದ 15 ನಿಮಿಷ. ಇನ್ನೂ ತಣ್ಣಗೆ ಮಾಡಿದರೆ ನಡುಕ ಹೆಚ್ಚುತ್ತದೆ, ಲಾಭವಲ್ಲ. 200 ಲೀಟರಿನ ಡ್ರಮ್ಮಿಗೆ 150 ಲೀಟರ್ ನೀರು ಹಾಕಿ. ಅದು 28 ಡಿಗ್ರಿ ಇದ್ದರೆ 13ಕ್ಕೆ ಇಳಿಸಲು ಸುಮಾರು 25 ಕೆಜಿ ಬರ್ಫ ಬೇಕು. ಬೇಸಿಗೆಯಲ್ಲಿ ಮಾಳಿಗೆಯ ಟಾಕಿ ನೀರು ಹಾಕಿದರೆ ಇಷ್ಟು ಸಾಲದು, ಬೋರಿನಿಂದ ಆಗತಾನೆ ಎತ್ತಿದ ನೀರು ಹಾಕಿ. ಇಡೀ ಗಡ್ಡೆ ಬಿಟ್ಟರೆ ಕರಗುವುದು ತಡ. ಗೋಣಿಚೀಲದಲ್ಲಿ ಹಾಕಿ ಸುತ್ತಿಗೆಯಿಂದ ಒಡೆದು ಹಾಕಿ, ಕೋಲಿನಿಂದ ಕಲಕಿ, ಆಮೇಲೆ ಅಳೆಯಿರಿ. ಜ್ವರದ ಥರ್ಮಾಮೀಟರ್ ಇಷ್ಟು ತಂಪನ್ನು ತೋರಿಸುವುದಿಲ್ಲ, ಹಾಲಿನ ಡೇರಿಯಲ್ಲಿ ಬಳಸುವಂಥದು ತನ್ನಿ. ಒಳಗಿಳಿದ ಮೊದಲ ನಿಮಿಷ ಉಸಿರು ಹಿಡಿದಂತಾಗುತ್ತದೆ, ಹೊರಬರುವಾಗ ಪಾದ ಜೋಮು ಹಿಡಿದಿರುತ್ತದೆ. ಒಬ್ಬರೇ ಇಳಿಯಬೇಡಿ. ಹೃದಯದ ತೊಂದರೆ, ಬಿಪಿ ಇದ್ದವರು ಡಾಕ್ಟರರನ್ನು ಕೇಳದೆ ಇಳಿಯಲೇಬೇಡಿ.

ಅರ್ಧ ತಾಸಿನಲ್ಲಿ ಇನ್ನೊಂದು ಸ್ಪ್ರಿಂಟ್ ಇದ್ದರೆ ಡ್ರಮ್ಮಿನ ಹತ್ತಿರ ಹೋಗಬೇಡಿ. ತಣ್ಣಗಾದ ಸ್ನಾಯುವಿಗೆ ಬಲ ಇರುವುದಿಲ್ಲ. ದಿನಾ ಜಿಮ್ಮಿನ ನಂತರವೂ ಬೇಡ: 2015ರಲ್ಲಿ ಪ್ರಕಟವಾದ 12 ವಾರಗಳ ಅಧ್ಯಯನದಲ್ಲಿ, ಪ್ರತಿ ತಾಲೀಮಿನ ನಂತರ 10 ನಿಮಿಷ ತಣ್ಣೀರಿನಲ್ಲಿ ಕೂತವರ ಸ್ನಾಯುವೂ ಬಲವೂ ಹಗುರ ಸೈಕಲ್ ತುಳಿದವರಿಗಿಂತ ಕಡಿಮೆ ಬೆಳೆದವು. ಸತತ ದಿನಗಳ ಸ್ಪರ್ಧೆಗೆ ಮಾತ್ರ ಇಟ್ಟುಕೊಳ್ಳಿ.

ಯಾರೂ ಕೇಳದ, ಆದರೆ ನಮ್ಮ ಬಿಸಿಲಿನಲ್ಲಿ ಕೇಳಲೇಬೇಕಾದ ವಿಷಯ ಒಂದಿದೆ. ಏಪ್ರಿಲ್–ಮೇ ತಿಂಗಳಲ್ಲಿ ರೇಸ್ ನಡೆಸುವವರು ತಣ್ಣೀರು ಸಿದ್ಧವಿಡಬೇಕಾದದ್ದು ನೋವಿಗಲ್ಲ, ಬಿಸಿಲಿನ ಹೊಡೆತಕ್ಕೆ. ಓಟಗಾರ ತಡಬಡಿಸಿ ಏನೇನೋ ಮಾತಾಡತೊಡಗಿದರೆ, ಕುಸಿದರೆ, ಮೈ ಕಾದ ಹೆಂಚಿನಂತಿದ್ದರೆ, 108ಕ್ಕೆ ಫೋನ್ ಮಾಡುತ್ತಲೇ ನೀರಿಗಿಳಿಸಿ. ಮೊದಲು ತಂಪು, ಆಮೇಲೆ ಆಸ್ಪತ್ರೆ. ಬೆವರು ಇದ್ದರೂ ಬಿಸಿಲಿನ ಹೊಡೆತ ಆಗಿರಬಹುದು. ಇಂಥವರಿಗೆ ನಿಲ್ಲುವ ಡ್ರಮ್ ಆಗದು. ಹೊಲದ ತಾಡಪತ್ರಿಯ ಅಂಚುಗಳನ್ನು ನಾಲ್ಕೈದು ಜನ ಎತ್ತಿ ಹಿಡಿದು, ಮಧ್ಯದಲ್ಲಿ ಮಲಗಿಸಿ, ಕೊಡಗಟ್ಟಲೆ ಬರ್ಫದ ನೀರು ಸುರಿದು ಕಲಕುತ್ತಿರಿ. ಒಬ್ಬರು ತಲೆ ಮೇಲೆತ್ತಿ ಹಿಡಿದಿರಲಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ಹನಿ ನೀರೂ ಹಾಕಬೇಡಿ.