ರೈಲು ತೆವಳುವ ಜಾಗಗಳ ಕಥೆ

ಒಂದು ಸಣ್ಣ ಲೆಕ್ಕ ಹಾಕೋಣ. ಗಂಟೆಗೆ 160 ಕಿ.ಮೀ. ಓಡುತ್ತಿದ್ದ ರೈಲು 200ಕ್ಕೆ ಏರಿದರೆ, 10 ಕಿ.ಮೀ. ದಾರಿಯಲ್ಲಿ ಉಳಿಯುವುದು ಬರೀ 45 ಸೆಕೆಂಡ್. ಅದೇ ದೂರದಲ್ಲಿ 40ರಲ್ಲಿ ತೆವಳುತ್ತಿದ್ದ ರೈಲು 80ಕ್ಕೆ ಬಂದರೆ ಏಳೂವರೆ ನಿಮಿಷ ಉಳಿಯುತ್ತದೆ. ಆದರೂ ಹಳೆ ಮಾರ್ಗ ಸುಧಾರಿಸುವ ಮಾತು ಬಂದಾಗಲೆಲ್ಲ ಸುದ್ದಿಯಾಗುವುದು ಗರಿಷ್ಠ ವೇಗವೇ.

ಈ ಮಾರ್ಗಗಳು ತೆವಳುವುದಕ್ಕೆ ಕಾರಣ ಹಳೆಯದು. ಉಗಿ ಎಂಜಿನ್‌ಗೆ ಏರು ಹತ್ತುವುದು ಕಷ್ಟ, ಸುರಂಗ ಕೊರೆಯುವುದು ದುಬಾರಿ. ಹಾಗಾಗಿ 19ನೇ ಶತಮಾನದವರು ಎಷ್ಟೋ ಕಡೆ ನದಿ ಪಕ್ಕದಲ್ಲೇ, ಗುಡ್ಡ ಸುತ್ತಿಕೊಂಡೇ ಹಳಿ ಹಾಕಿದರು. ಆ ತಿರುವುಗಳನ್ನು ಈಗ ನೇರ ಮಾಡುವುದು ಸುಲಭವಲ್ಲ. ಅದೇ ತಿರುವಿನಲ್ಲಿ ಎರಡು ಪಟ್ಟು ವೇಗ ಬೇಕೆಂದರೆ ಅದರ ತ್ರಿಜ್ಯ ನಾಲ್ಕು ಪಟ್ಟು ಆಗಬೇಕು. ಅಂದರೆ ಹೊಸ ಜಮೀನು, ಹೊಸ ಸೇತುವೆ.

ಜಪಾನ್ ಹಳೆ ಹಳಿಯ ಸಹವಾಸವೇ ಬೇಡ ಎಂದಿತು. 1964ರಲ್ಲಿ ಟೋಕಿಯೊ–ಒಸಾಕಾ ನಡುವೆ ಹೊಸ ಮಾರ್ಗವನ್ನೇ ತೆರೆಯಿತು. ಆರೂವರೆ ಗಂಟೆಯ ಪ್ರಯಾಣ ನಾಲ್ಕಕ್ಕೆ ಇಳಿಯಿತು, ಮರುವರ್ಷ 3 ಗಂಟೆ 10 ನಿಮಿಷಕ್ಕೆ.

ಬ್ರಿಟನ್ 1976ರಲ್ಲಿ ಹಳೆ ಹಳಿಯ ಮೇಲೇ 200 ಕಿ.ಮೀ. ವೇಗದ ಡೀಸೆಲ್ ರೈಲು ಓಡಿಸಿತು. ಅದರ ಗುಟ್ಟು ಎಂಜಿನ್‌ಗಿಂತ ಜಾಸ್ತಿ ಬ್ರೇಕಿನಲ್ಲಿತ್ತು. ಹಿಂದಿನ ರೈಲುಗಳು 160ರಿಂದ ನಿಲ್ಲಲು ತೆಗೆದುಕೊಳ್ಳುತ್ತಿದ್ದ ದೂರದಲ್ಲೇ ಇದು 200ರಿಂದ ನಿಲ್ಲುತ್ತಿತ್ತು. ಸಿಗ್ನಲ್ ಕಂಬಗಳನ್ನು ಕಿತ್ತು ದೂರ ನೆಡುವ ಕೆಲಸವೇ ತಪ್ಪಿತು. ನನಗೆ ಈ ಇಡೀ ಇತಿಹಾಸದಲ್ಲಿ ಇಷ್ಟವಾಗುವ ಜಾಣತನ ಇದು.

ಇನ್ನು ತಿರುವು. ಅಲ್ಲಿ ರೈಲು ಉರುಳುವ ಭಯಕ್ಕಿಂತ ಎಷ್ಟೋ ಮೊದಲೇ ಪ್ರಯಾಣಿಕರ ಮೈ ಹೊರಗೆ ವಾಲುತ್ತದೆ. ಸೈಕಲ್ ಸವಾರನ ಹಾಗೆ ಬೋಗಿಯೇ ಒಳಗೆ ಬಾಗಿದರೆ? 1981ರ ಡಿಸೆಂಬರ್‌ನಲ್ಲಿ ಬ್ರಿಟನ್ ಅಂಥ ರೈಲು ಓಡಿಸಿತು. ಕೆಲವರಿಗೆ ಹೊಟ್ಟೆ ತೊಳೆಸಿತು, ಚಳಿಗೆ ಯಂತ್ರಗಳು ಕೈಕೊಟ್ಟವು, ಕೆಲವೇ ದಿನಗಳಲ್ಲಿ ಸೇವೆ ನಿಂತಿತು. ಬೋಗಿ ಬಾಗುವುದು ಕಡಿಮೆಯಾಗಿದ್ದಕ್ಕಲ್ಲ, ಜಾಸ್ತಿಯಾಗಿದ್ದಕ್ಕೆ ಹೊಟ್ಟೆ ತೊಳೆಸಿದ್ದು! ಕಿಟಕಿಯಾಚೆ ನೆಲ ಓರೆಯಾಗುವುದು ಕಣ್ಣಿಗೆ ಕಾಣುತ್ತಿತ್ತು, ಮೈಗೆ ಮಾತ್ರ ತಿರುವೇ ತಿಳಿಯುತ್ತಿರಲಿಲ್ಲ. ಆಮೇಲಿನವರು ತಿರುವಿನ ಎಳೆತ ಮೈಗೆ ಸ್ವಲ್ಪ ತಿಳಿಯುವಂತೆ ಉಳಿಸಿಯೇ ಬಾಗಿಸಿದರು. ಇಟಲಿಯಲ್ಲಿ 1988ರಿಂದ, ಸ್ವೀಡನ್‌ನ ಸ್ಟಾಕ್‌ಹೋಮ್–ಗೋಥೆನ್‌ಬರ್ಗ್ ಮಾರ್ಗದಲ್ಲಿ 1990ರಿಂದ ಬಾಗುವ ರೈಲುಗಳು ಚೆನ್ನಾಗಿಯೇ ಓಡಿದವು.

ಬ್ರಿಟನ್‌ನ ಪಶ್ಚಿಮ ಕರಾವಳಿ ಮುಖ್ಯ ಮಾರ್ಗದಲ್ಲಿ ಆಸೆ ಇನ್ನೂ ದೊಡ್ಡದಿತ್ತು. 225 ಕಿ.ಮೀ. ವೇಗ, ಜೊತೆಗೆ ಕಂಬಗಳೇ ಇಲ್ಲದ ಹೊಸ ಸಿಗ್ನಲ್ ವ್ಯವಸ್ಥೆ. ಆ ತಂತ್ರಜ್ಞಾನ ಕೈಗೂಡಲಿಲ್ಲ. ದಿನವಿಡೀ ರೈಲು ಓಡುವ ಹಳಿಯ ಮೇಲೇ ರಿಪೇರಿ ಮಾಡಬೇಕಲ್ವಾ, ಅದೂ ದುಬಾರಿ. ಖರ್ಚು ಸುಮಾರು 900 ಕೋಟಿ ಪೌಂಡ್ ತಲುಪಿತು, ವೇಗ 200ಕ್ಕೇ ನಿಂತಿತು.

ಸ್ವಿಟ್ಜರ್ಲೆಂಡ್ ಪ್ರಶ್ನೆಯನ್ನೇ ಬದಲಿಸಿತು. 1987ರಲ್ಲಿ ಜನಮತದಿಂದ ಒಪ್ಪಿಗೆ ಪಡೆದ 'ಬಾನ್ 2000' (ರೈಲು 2000) ಯೋಜನೆ, ಅಗತ್ಯವಿದ್ದಷ್ಟೇ ವೇಗ ಸಾಕು ಎಂದಿತು. ಎಷ್ಟು ಬೇಕು? ದೊಡ್ಡ ನಿಲ್ದಾಣಗಳಲ್ಲಿ ಪ್ರತಿ ಗಂಟೆಯೂ ಎಲ್ಲ ದಿಕ್ಕಿನ ರೈಲುಗಳು ಒಂದೇ ಹೊತ್ತಿಗೆ ಸೇರಬೇಕು, ಪ್ರಯಾಣಿಕರು ಇಳಿದು ಹತ್ತಬೇಕು. ಹಾಗಾಗಿ ಜ್ಯೂರಿಕ್–ಬರ್ನ್ ಪ್ರಯಾಣ ಒಂದು ಗಂಟೆಯೊಳಗೆ ಮುಗಿಯಬೇಕಿತ್ತು. ಅದಕ್ಕೆಂದೇ ಸುಮಾರು 45 ಕಿ.ಮೀ. ಹೊಸ ಹಳಿ ಹಾಕಿದರು. 2004ರ ಡಿಸೆಂಬರ್‌ನಿಂದ ರೈಲು 56 ನಿಮಿಷಕ್ಕೆ ತಲುಪತೊಡಗಿತು. ಉಳಿದ ನಾಲ್ಕು ನಿಮಿಷ ಪ್ಲಾಟ್‌ಫಾರ್ಮ್ ದಾಟಿ ಮುಂದಿನ ರೈಲು ಹತ್ತುವುದಕ್ಕೆ.